ಡಚ್ ಲೇಬಲ್‌ಗೆ ಚೀನೀ ಅನುವಾದಕರನ್ನು ಆರಿಸುವುದು ಹೇಗೆ?

ನೆದರ್ಲೆಂಡ್ಸ್‌ನ ಚೀಸ್, ಬಿಸ್ಕತ್ತು ಅಥವಾ ಮದ್ಯವನ್ನು ಚೀನಾಕ್ಕೆ ಕಳುಹಿಸಲು ಹೊರಟ ಸಣ್ಣ ತಯಾರಕರು ಅನುವಾದದ ಕೆಲಸವನ್ನು ಕೊನೆಯ ವಾರದವರೆಗೂ ಮುಂದೂಡಿ, ಆಮೇಲೆ ಕೈಗೆ ಸಿಕ್ಕವರಿಗೆ ಒಪ್ಪಿಸಿ ಪೇಚಿಗೆ ಸಿಲುಕುವುದು ಸಾಮಾನ್ಯ.

ಸರಕು ಹೋಗುವ ಊರನ್ನು ಮೊದಲು ಖಚಿತಪಡಿಸಿಕೊಳ್ಳಿ. ಚೀನಾದ ಮುಖ್ಯಭೂಮಿಗೆ ಸರಳೀಕೃತ ಲಿಪಿ ಬೇಕು. ತೈವಾನಿನಲ್ಲಿ ಬಳಕೆಯಲ್ಲಿರುವುದು ಸಾಂಪ್ರದಾಯಿಕ ಲಿಪಿ.

ಹೆಸರುಗಳನ್ನು ಕಲೆಹಾಕಲು ಡಚ್ ಅನುವಾದಕರ ಸಂಘವಾದ ಎನ್‌ಜಿಟಿವಿಯ ಪಟ್ಟಿಯಿಂದ ಆರಂಭಿಸಬಹುದು. ಪ್ರಮಾಣವಚನ ಸ್ವೀಕರಿಸಿದ ಅನುವಾದಕರ ಸರ್ಕಾರಿ ನೋಂದಣಿ ಪಟ್ಟಿಯೂ ಇದೆ. ಆದರೆ ಅಂಥವರ ಮೊಹರು ನ್ಯಾಯಾಲಯದ ಕಾಗದಪತ್ರಗಳಿಗೆ ಬೇಕಾದದ್ದೇ ಹೊರತು ಆಹಾರಜ್ಞಾನಕ್ಕೆ ಸಾಕ್ಷಿಯಲ್ಲ. ಚೀನೀ ಮಾತೃಭಾಷೆಯವರನ್ನೇ ಆರಿಸಿ. ಡಚ್‌ನಿಂದ ಇಂಗ್ಲಿಷಿಗೆ, ಅಲ್ಲಿಂದ ಚೀನೀ ಭಾಷೆಗೆ ತಂದು ಅಗ್ಗದ ದರ ಹೇಳುವ ಏಜೆನ್ಸಿಗಳನ್ನು ದೂರವಿಡಿ.

ನಿಜವಾದ ಆಯ್ಕೆ ನಡೆಯುವುದು ಪರೀಕ್ಷೆಯಲ್ಲಿ. ಸುಮಾರು 200 ಪದಗಳ ನಿಜವಾದ ಲೇಬಲ್ ಕೊಟ್ಟು, ಆ ಕೆಲಸಕ್ಕೆ ಹಣವನ್ನೂ ಕೊಡಿ. ಬಿಟ್ಟಿ ಮಾದರಿಯನ್ನು ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ಮೊದಲು ಉಪ್ಪಿನ ಸಾಲನ್ನು ನೋಡಿ: ಐರೋಪ್ಯ ಲೇಬಲ್‌ನಲ್ಲಿ ಉಪ್ಪಿನ ಪ್ರಮಾಣವಿರುತ್ತದೆ, ಪೌಷ್ಟಿಕಾಂಶದ ಲೇಬಲ್‌ಗೆ ಸಂಬಂಧಿಸಿದ ಚೀನಾದ ರಾಷ್ಟ್ರೀಯ ಮಾನದಂಡ ಜಿಬಿ 28050 ಸೋಡಿಯಂ ಪ್ರಮಾಣವನ್ನು ಕೇಳುತ್ತದೆ. ಹೀಗಾಗಿ 100 ಗ್ರಾಂ ಚೀಸ್‌ನಲ್ಲಿ 2 ಗ್ರಾಂ ಉಪ್ಪಿದ್ದರೆ ಅದನ್ನು 2.5ರಿಂದ ಭಾಗಿಸಿ 800 ಮಿಲಿಗ್ರಾಂ ಸೋಡಿಯಂ ಎಂದು ಬರೆಯಬೇಕು. 2 ಗ್ರಾಂ ಎಂಬ ಅಂಕಿಯನ್ನೇ ಸೋಡಿಯಂ ಸಾಲಿಗೆ ಇಳಿಸಿದವರನ್ನು ಅಲ್ಲಿಗೇ ಕೈಬಿಡಿ. ಎರಡನೆಯದಾಗಿ, ಲೇಬಲ್‌ನಲ್ಲಿ ‘ಯೊಂಗ್’ (ಎಳೆಯ) ಎಂಬ ಡಚ್ ವಿಶೇಷಣ ಇರಲಿ, ಅದರ ಎರಡು ಅರ್ಥಗಳನ್ನು ಅವರು ಬೇರ್ಪಡಿಸುತ್ತಾರೆಯೇ ನೋಡಿ. ಚೀಸ್‌ನ ಮೇಲೆ ಅದು ನಾಲ್ಕು ವಾರಗಳಷ್ಟೇ ಮಾಗಿದ್ದನ್ನು ಸೂಚಿಸಿದರೆ, ಯೆನೇವರ್ ಎಂಬ ಡಚ್ ಮದ್ಯದ ಮೇಲೆ ವಯಸ್ಸಿಗೆ ಸಂಬಂಧವೇ ಇಲ್ಲದ ಹೊಸ ಶೈಲಿಯ ತಯಾರಿಕೆಯನ್ನು, ಅಂದರೆ ಮಾಲ್ಟ್ ವೈನ್ (ಧಾನ್ಯದಿಂದ ಬಟ್ಟಿ ಇಳಿಸಿದ ಮದ್ಯ) ಶೇ 15ಕ್ಕೆ ಮೀರದ ಬಗೆಯನ್ನು ಸೂಚಿಸುತ್ತದೆ. ಬಣ್ಣಕ್ಕೆ ಬಳಸಿದ ಅನ್ನಾಟೊದಂಥ ಸಂಯೋಜಕಗಳಿಗೆ ನಿಘಂಟಿನ ಪದ ಸಲ್ಲದು, ಆಹಾರ ಸಂಯೋಜಕಗಳ ಚೀನೀ ಮಾನದಂಡವಾದ ಜಿಬಿ 2760ರಲ್ಲಿರುವ ಹೆಸರೇ ಬರಬೇಕು. ಇವೆಲ್ಲಕ್ಕಿಂತ ನಾನು ತೂಕ ಕೊಡುವುದು ಅವರು ಕೇಳುವ ಪ್ರಶ್ನೆಗಳಿಗೆ: ಡಚ್ ಲೇಬಲ್‌ನಲ್ಲಿ ಸಾಮಾನ್ಯವಾಗಿ ಬಳಕೆಯ ಗಡುವು ಮಾತ್ರ ಇರುತ್ತದೆ, ಚೀನಾಕ್ಕೆ ತಯಾರಿಕೆಯ ದಿನಾಂಕವೂ ಬೇಕು, ಅದನ್ನು ಕೇಳದೆ ಕೆಲಸ ಮುಗಿಸಿ ಕೊಟ್ಟವರಿಗೆ ಈ ಕ್ಷೇತ್ರ ಹೊಸದೆಂದೇ ತಿಳಿಯಿರಿ.

ದರವನ್ನು ಡಚ್ ಪದಕ್ಕೋ ಚೀನೀ ಅಕ್ಷರಕ್ಕೋ ಎಂದು ಲಿಖಿತವಾಗಿ ಗೊತ್ತುಮಾಡಿಕೊಳ್ಳಿ.

ವಿನ್ಯಾಸ ಸಿದ್ಧವಾದ ಮೇಲೆ, ಮುದ್ರಣಕ್ಕೆ ಮುನ್ನ, ಅನುವಾದಕರಿಗೂ ಚೀನಾದಲ್ಲಿರುವ ಆಮದುದಾರರಿಗೂ ಕರಡನ್ನು ತೋರಿಸಿ. ಟ್ರೇಡ್‌ಮಾರ್ಕ್ ಹೊರತು ವಿದೇಶಿ ಅಕ್ಷರಗಳು ಅವಕ್ಕೆ ಸಂಬಂಧಿಸಿದ ಚೀನೀ ಅಕ್ಷರಗಳಿಗಿಂತ ದೊಡ್ಡದಿರಬಾರದು ಎಂಬ, ಆಹಾರ ಲೇಬಲ್‌ಗಳ ಚೀನೀ ಮಾನದಂಡ ಜಿಬಿ 7718ರ ನಿಯಮವನ್ನು ವಿನ್ಯಾಸಕಾರರು ಮುರಿದಿದ್ದರೆ ಅದು ಕಣ್ಣಿಗೆ ಬೀಳುವುದು ಈ ಹಂತದಲ್ಲಿಯೇ.