ಇಂಪ್ಲಾಂಟ್‌ಗೆ ಮೊದಲು ಮೂಳೆ ಕಸಿ: ಕೋಲಾರದ ದಂತವೈದ್ಯೆಯೊಬ್ಬಳ ಅನುಭವ

ಕೋಲಾರದ ನನ್ನ ಚಿಕಿತ್ಸಾಲಯಕ್ಕೆ ಇಂಪ್ಲಾಂಟ್ (ಹೋದ ಹಲ್ಲಿನ ಬದಲಿಗೆ ದವಡೆಯ ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕಿಸಿಕೊಳ್ಳಲು ಬರುವವರಲ್ಲಿ ಬಹಳ ಮಂದಿ ಹಲ್ಲು ಕೀಳಿಸಿ ವರ್ಷಗಳು ಕಳೆದ ಮೇಲೆ ಬರುತ್ತಾರೆ. ಹಲ್ಲು ಹೋದ ಜಾಗದಲ್ಲಿ ದವಡೆಯ ಮೂಳೆ ಕರಗುತ್ತದೆ. ಮೊದಲ ಕೆಲವು ತಿಂಗಳಲ್ಲಿ ಅದು ವೇಗವಾಗಿ ನಡೆಯುತ್ತದೆ, ಅದರಲ್ಲೂ ಕೆನ್ನೆಯ ಕಡೆಯ ತೆಳುಗೋಡೆ ಮೊದಲು ಹೋಗುತ್ತದೆ. ಸುಮಾರು 4 ಮಿ.ಮೀ. ದಪ್ಪದ ಇಂಪ್ಲಾಂಟ್‌ನ ಎರಡೂ ಬದಿಯಲ್ಲಿ ಕನಿಷ್ಠ ಒಂದರಿಂದ ಒಂದೂವರೆ ಮಿ.ಮೀ. ಮೂಳೆ ಉಳಿಯಬೇಕು. ಆದ್ದರಿಂದ ಆರೇಳು ಮಿ.ಮೀ. ಅಗಲವಿಲ್ಲದ ಕಡೆ ನಾನು ಮೂಳೆ ಕಸಿಯ, ಅಂದರೆ ಕೊರತೆಯಿರುವ ಜಾಗಕ್ಕೆ ಮೂಳೆಯನ್ನೋ ಕಸಿಪುಡಿಯನ್ನೋ ತುಂಬಿ ಮೂಳೆ ಬೆಳೆಸುವ ಮಾತೆತ್ತುತ್ತೇನೆ. ಮೇಲಿನಿಂದ ದಪ್ಪವಾಗಿ ಕಾಣುವ ವಸಡಿನ ಕೆಳಗೆ ಮೂಳೆ ತೀರಾ ತೆಳುವಾಗಿರುವುದುಂಟು, ಹಾಗಾಗಿ ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿ.ಬಿ.ಸಿ.ಟಿ. ಎಂಬ ಎಕ್ಸ್-ರೇ ಸ್ಕ್ಯಾನ್ ನೋಡದೆ ನಿರ್ಧರಿಸುವುದಿಲ್ಲ. ಕೆಳದವಡೆಯ ನರ ಎಲ್ಲಿ ಹಾದುಹೋಗಿದೆ, ಮೇಲ್ದವಡೆಯ ಸೈನಸ್ (ಹಲ್ಲುಗಳ ಮೇಲಿರುವ ಗಾಳಿಗೂಡು) ಎಷ್ಟು ಕೆಳಗಿಳಿದಿದೆ ಎಂಬುದೂ ಅದರಲ್ಲೇ ತಿಳಿಯುತ್ತದೆ.

"ಮೇಡಂ, ಅದು ಯಾರ ಮೂಳೆ?" ಎಂದು ರೋಗಿಗಳು ಕೇಳುತ್ತಾರೆ. ಕೇಳದಿದ್ದರೂ ನಾನೇ ಹೇಳುತ್ತೇನೆ, ಏಕೆಂದರೆ ಹೆಚ್ಚು ಬಳಕೆಯಲ್ಲಿರುವ ಕಸಿಪುಡಿಗಳಲ್ಲಿ ಒಂದು ದನದ ಮೂಳೆಯಿಂದ ಬರುತ್ತದೆ. ಅದರ ಜೈವಿಕ ಅಂಶವನ್ನೆಲ್ಲ ತೆಗೆದು ಖನಿಜಾಂಶವನ್ನಷ್ಟೇ ಉಳಿಸಿರುತ್ತಾರೆ. ಅದರ ಮೇಲೆ ಹೊದಿಸುವ ಕೊಲಾಜನ್ ಎಂಬ ಪ್ರೋಟೀನಿನ ಪೊರೆ ದನದ್ದೋ ಹಂದಿಯದೋ ಆಗಿರಬಹುದು. ಸಸ್ಯಾಹಾರಿ ಮನೆತನದವರಿಗೂ ಮುಸ್ಲಿಂ ಕುಟುಂಬದವರಿಗೂ ಇದು ಸಣ್ಣ ವಿಷಯವಲ್ಲ. ಒಪ್ಪಿಗೆಪತ್ರದ ಮೂಲೆಯಲ್ಲಿ ಅಚ್ಚಾಗಿದ್ದರೆ ಸಾಕೆಂದು ನಾನು ಭಾವಿಸುವುದಿಲ್ಲ. ಎದುರು ಕೂರಿಸಿಕೊಂಡು ಬಾಯಿಬಿಟ್ಟು ಹೇಳಬೇಕು. ಬೇಡವೆಂದವರಿಗೆ ಕ್ಯಾಲ್ಸಿಯಂ ಫಾಸ್ಫೇಟಿನ ಕೃತಕ ಪುಡಿಯಿದೆ. ರೋಗಿಯ ಗದ್ದದಿಂದಲೋ ಕಡೆಯ ದವಡೆಹಲ್ಲಿನ ಹಿಂಬದಿಯಿಂದಲೋ ಅವರದೇ ಮೂಳೆಯನ್ನೂ ತೆಗೆಯಬಹುದು. ಸ್ವಂತ ಮೂಳೆಯಲ್ಲಿ ಜೀವಕೋಶಗಳಿರುವುದರಿಂದ ಅದು ಚೆನ್ನಾಗಿ ಒಗ್ಗುತ್ತದೆ, ಆದರೆ ಇನ್ನೊಂದು ಕಡೆ ಗಾಯ ಮಾಡಬೇಕಾಗುತ್ತದೆ. ರೋಗಿಯ ರಕ್ತದಿಂದಲೇ ತಯಾರಿಸುವ ಪಿ.ಆರ್.ಎಫ್. ಪೊರೆಯನ್ನೂ ಬಳಸುತ್ತೇನೆ, ಆದರೆ ಅದು ಬೇಗ ಕರಗುವುದರಿಂದ ದೊಡ್ಡ ಕಸಿಗೆ ಅದೊಂದನ್ನೇ ನೆಚ್ಚಿಕೊಳ್ಳುವುದಿಲ್ಲ.

ಪುಡಿ ತುಂಬಿದ ದಿನವೇ ಮೂಳೆ ಬಂದುಬಿಡುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಟೊಮೆಟೊ ಗಿಡಕ್ಕೆ ಕೋಲು ನೆಟ್ಟ ಹಾಗೆ ಈ ಪುಡಿ ಎಂದರೆ ನಮ್ಮ ಜಿಲ್ಲೆಯ ರೈತರಿಗೆ ತಕ್ಷಣ ಅರ್ಥವಾಗುತ್ತದೆ: ಅದು ಆಸರೆ, ಬೆಳೆಯಬೇಕಾದದ್ದು ಅವರದೇ ಮೂಳೆ. ಅದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಸೈನಸ್‌ನ ತಳದ ಪೊರೆಯನ್ನು ಮೇಲೆತ್ತಿ ಅದರ ಕೆಳಗೆ ಮಾಡುವ ಕಸಿಗೆ ಇನ್ನೂ ಕೆಲವು ತಿಂಗಳು ಹೆಚ್ಚು. ಕೊರತೆ ಚಿಕ್ಕದಾಗಿದ್ದು ಇಂಪ್ಲಾಂಟ್ ಬಿಗಿಯಾಗಿ ಕೂರುವಂತಿದ್ದರೆ ಎರಡನ್ನೂ ಒಂದೇ ದಿನ ಮಾಡುತ್ತೇನೆ.

ಕಸಿಯ ದಿನ ಆ ಭಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುತ್ತೇನೆ. ವಸಡನ್ನು ಬಿಡಿಸಿ, ರಕ್ತ ಒಸರಲೆಂದು ಮೂಳೆಗೆ ಸಣ್ಣ ರಂಧ್ರಗಳನ್ನು ಕೊರೆದು, ಪುಡಿ ತುಂಬಿ, ಪೊರೆ ಹೊದಿಸಿ ಹೊಲಿಯುತ್ತೇನೆ. ಇದರಲ್ಲಿ ನನ್ನ ಹೆಚ್ಚಿನ ಗಮನ ಹೊಲಿಗೆಯ ಮೇಲಿರುತ್ತದೆ, ಏಕೆಂದರೆ ಎಳೆದು ಹೊಲಿದ ವಸಡು ಮತ್ತೆ ತೆರೆದುಕೊಂಡರೆ ಕಸಿಯೇ ಕೈಬಿಟ್ಟುಹೋಗಬಹುದು. ಊತವು ಎರಡನೆಯ, ಮೂರನೆಯ ದಿನ ಹೆಚ್ಚುತ್ತದೆ. ಇದನ್ನು ಮೊದಲೇ ಹೇಳಿದ್ದರೆ ಮನೆಯವರು ಗಾಬರಿಯಾಗುವುದಿಲ್ಲ. ಮರಳಿನಂಥ ಒಂದೆರಡು ಕಣಗಳು ಬಾಯಿಗೆ ಬಂದರೆ ಚಿಂತೆಯಿಲ್ಲ. ಮೂರು ದಿನ ಕಳೆದ ಮೇಲೂ ನೋವು ಏರುತ್ತಿದ್ದರೆ, ಕೀವು ಬಂದರೆ, ತುಟಿಯ ಮರಗಟ್ಟುವಿಕೆ ಮರುದಿನಕ್ಕೂ ಹೋಗದಿದ್ದರೆ ತಡಮಾಡದೆ ಬರಬೇಕು. ಸೈನಸ್ ಕಸಿಯಾದವರು ಕೆಲವು ವಾರ ಮೂಗು ಸೀಟಬಾರದು. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಊಟದ ವಿಷಯದಲ್ಲಿ ನಮ್ಮವರಿಗೆ ಅನುಕೂಲವಿದೆ: ಮುದ್ದೆಯನ್ನು ಅಗಿಯದೆ ನುಂಗುತ್ತೇವೆ. ಅದು ಉಗುರುಬೆಚ್ಚಗಿರಬೇಕು, ಸಾರಿಗೆ ಖಾರ ಕಡಿಮೆಯಿರಬೇಕು. ತೆಗೆದು ಹಾಕುವ ಹಲ್ಲುಸೆಟ್ಟನ್ನು ನಾನು ತಿದ್ದಿಕೊಡುವವರೆಗೆ ಹಾಕಿಕೊಳ್ಳಬಾರದು. ಅದರ ಒತ್ತಡಕ್ಕೆ ಹೊಸ ಕಸಿ ತಡೆಯುವುದಿಲ್ಲ.

ಬೀಡಿ, ಸಿಗರೇಟು, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು, ಇವುಗಳ ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಬಿಡುವವರೆಗೆ ಕಸಿಯನ್ನು ಮುಂದೂಡುತ್ತೇನೆ. ಸಕ್ಕರೆ ಕಾಯಿಲೆಯವರಿಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುತ್ತೇನೆ. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ತೆಗೆದುಕೊಂಡಿದ್ದೀರಾ ಎಂದು ಹಿರಿಯರನ್ನು ತಪ್ಪದೆ ಕೇಳುತ್ತೇನೆ. ಹಲ್ಲಿಗೂ ಅದಕ್ಕೂ ಏನು ಸಂಬಂಧವೆಂದು ಅವರು ತಾವಾಗಿ ಹೇಳುವುದಿಲ್ಲ, ಆದರೆ ಆ ಔಷಧಿಯ ಮೇಲಿರುವವರಲ್ಲಿ ಶಸ್ತ್ರಚಿಕಿತ್ಸೆಯಾದ ದವಡೆಯ ಮೂಳೆ ಮಾಗದೆ ಸಾಯುವ ಅಪಾಯವಿದೆ.

ಕಾಯುವ ಅವಧಿ ಮುಗಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ, ಬೆಳೆದ ಅಗಲವನ್ನು ಅಳೆದು, ಆಮೇಲೆ ಇಂಪ್ಲಾಂಟ್‌ಗೆ ದಿನ ಗೊತ್ತುಮಾಡುತ್ತೇನೆ. ನಿರೀಕ್ಷಿಸಿದಷ್ಟು ಬೆಳೆಯದವರೂ ಇರುತ್ತಾರೆ. ಅವರಿಗೆ ಎರಡನೆಯ ಕಸಿಯನ್ನೂ ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಬ್ರಿಡ್ಜ್ ಹಲ್ಲನ್ನೂ ಸಮಾನವಾಗಿ ಮುಂದಿಟ್ಟು ಆಯ್ಕೆಯನ್ನು ಅವರಿಗೇ ಬಿಡುತ್ತೇನೆ. ಹಲ್ಲು ಕೀಳಿಸಬೇಕಾಗಿದ್ದು ಮುಂದೆ ಇಂಪ್ಲಾಂಟ್ ಬೇಕೆನ್ನುವವರು ಕೀಳಿಸುವ ಮೊದಲೇ ಅದನ್ನು ವೈದ್ಯರಿಗೆ ಹೇಳಬೇಕು. ಅದೇ ದಿನ ಹಲ್ಲು ಕಿತ್ತ ಗುಳಿಯೊಳಗೆ ಕಸಿಪುಡಿ ತುಂಬಿದರೆ ಮೂಳೆ ಕರಗುವುದು ಪೂರ್ತಿ ನಿಲ್ಲದಿದ್ದರೂ ಸಾಕಷ್ಟು ಕಡಿಮೆಯಾಗುತ್ತದೆ, ಮುಂದೆ ದೊಡ್ಡ ಕಸಿಯ ಅಗತ್ಯವೇ ಬೀಳದಿರಬಹುದು.