ಎರಡು ರೆಕಾರ್ಡಿಂಗ್, ಒಂದೇ ಟ್ಯೂನರ್: ಜಗಳ ಬಿಡಿಸುವುದು ಹೇಗೆ?

ರಾತ್ರಿ ಊಟದ ಹೊತ್ತಿಗೆ ಅಮ್ಮನಿಗೆ ಚಂದನದ ರಸಪ್ರಶ್ನೆ ಬೇಕು. ಅದೇ ಹೊತ್ತಿಗೆ ತಮ್ಮನಿಗೆ ಹಿಂದಿ ಚಾನೆಲ್‌ನ ಹಳೇ ಸಿನಿಮಾ. ರೆಕಾರ್ಡ್ ಮಾಡಲೆಂದು ಟಿ.ವಿ. ಪಕ್ಕದಲ್ಲಿಟ್ಟ ಕಂಪ್ಯೂಟರ್ ಎರಡಕ್ಕೂ ಹೂಂ ಅಂದಿತ್ತು. ಬೆಳಿಗ್ಗೆ ನೋಡಿದರೆ ಸಿನಿಮಾ ಇದೆ, ಚಂದನದ ಫೈಲ್‌ನ ಗಾತ್ರ ಸೊನ್ನೆ. ಇಂಥ ಎರಡು ಬೆಳಗು ಕಳೆದ ಮೇಲೆ ನಾನು ಇನ್ನೊಂದು ಟ್ಯೂನರ್, ಅಂದರೆ ಡಿಶ್ ಛತ್ರಿಯ ಸಿಗ್ನಲ್ ಹಿಡಿದು ಕಂಪ್ಯೂಟರ್‌ಗೆ ಕೊಡುವ ಸಾಧನ, ಕೊಂಡುತಂದೆ. ಅದರ ಅಗತ್ಯವೇ ಇರಲಿಲ್ಲ ಅಂತ ಗೊತ್ತಾಗಿದ್ದು ದುಡ್ಡು ಖರ್ಚಾದ ಮೇಲೆ.

ಇಲ್ಲಿ ಹೇಳುವುದೆಲ್ಲ ಡಿಡಿ ಫ್ರೀ ಡಿಶ್ ಇಟ್ಟುಕೊಂಡವರಿಗೆ. ತಿಂಗಳ ಬಾಡಿಗೆಯ ಡಿಟಿಎಚ್ ಚಾನೆಲ್‌ಗಳಿಗೆ ಬೀಗ ಹಾಕಿರುತ್ತಾರೆ. ಆ ಕಂಪನಿಯ ಬಾಕ್ಸ್ ಬಿಟ್ಟು ನಿಮ್ಮ ಕಂಪ್ಯೂಟರ್‌ಗೆ ಅವು ತೆರೆದುಕೊಳ್ಳುವುದಿಲ್ಲ. ಫ್ರೀ ಡಿಶ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನಿಂತಿರುವ ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ ಈ ಉಪಗ್ರಹದ ಚುಕ್ಕಾಣಿ ಇರುವುದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ. ಬೆಂಗಳೂರಿನ ಸುತ್ತಮುತ್ತ ನಿಂತು ನೋಡಿದರೆ ಅದು ಆಗ್ನೇಯಕ್ಕೆ, ಸುಮಾರು 65 ಡಿಗ್ರಿ ಎತ್ತರದಲ್ಲಿ ಇದೆ. ಛತ್ರಿ ಈಗಾಗಲೇ ಸರಿಯಾಗಿ ಕೂತಿದೆ, ಕಂಪ್ಯೂಟರ್‌ನಲ್ಲಿ ಡಿವಿಬಿ-ಎಸ್2 ಕಾರ್ಡ್ (ಉಪಗ್ರಹದ ಟ್ಯೂನರ್ ಇರುವ ಕಾರ್ಡ್) ಇದೆ ಅಂದುಕೊಂಡು ಮುಂದೆ ಹೋಗೋಣ.

ಮೊದಲ ಹೆಜ್ಜೆ: ಪೆನ್ಸಿಲ್, ಹಾಳೆ

ಚಾನೆಲ್ ಎಣಿಸಬೇಡಿ, ಟ್ರಾನ್ಸ್‌ಪಾಂಡರ್ ಎಣಿಸಿ. ಉಪಗ್ರಹ ಒಂದೊಂದು ಚಾನೆಲ್ಲನ್ನು ಬೇರೆ ಬೇರೆಯಾಗಿ ಕಳಿಸುವುದಿಲ್ಲ. ಹತ್ತಾರು ಚಾನೆಲ್‌ಗಳನ್ನು ಕಟ್ಟಿ ಒಂದೇ ತರಂಗಾಂತರದ ಮೇಲೆ ಇಳಿಸುತ್ತದೆ. ಅಂಥ ಒಂದು ಕಟ್ಟನ್ನು ಇಳಿಸುವ ಉಪಗ್ರಹದ ಭಾಗವೇ ಟ್ರಾನ್ಸ್‌ಪಾಂಡರ್. ಟ್ಯೂನರ್ ಒಂದು ಹೊತ್ತಿಗೆ ಒಂದು ಕಟ್ಟನ್ನಷ್ಟೇ ಹಿಡಿಯಬಲ್ಲದು. ಆದರೆ ಹಿಡಿದ ಕಟ್ಟಿನಲ್ಲಿರುವ ಎಲ್ಲ ಚಾನೆಲ್‌ಗಳೂ ಆಗ ಅದರ ಕೈಯಲ್ಲೇ ಇರುತ್ತವೆ. ಒಂದೇ ಟ್ಯೂನರ್‌ನಲ್ಲಿ ನಾಲ್ಕು ರೆಕಾರ್ಡಿಂಗ್ ನಡೆಯಬಹುದು, ನಾಲ್ಕೂ ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿದ್ದರೆ. ಡಿಸ್ಕ್ ತಾಳುತ್ತದೋ ಇಲ್ಲವೋ ಎಂಬ ಭಯ ಬೇಡ: ಸೆಕೆಂಡಿಗೆ 3 ಮೆಗಾಬಿಟ್‌ನ ಚಾನೆಲ್ ಗಂಟೆಗೆ 1.35 ಜಿಬಿ ತಿನ್ನುತ್ತದೆ, ಅಷ್ಟೆ.

ಟಿವಿಹೆಡ್‌ಎಂಡ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಬಳಸುವವರು ಬ್ರೌಸರ್‌ನಲ್ಲಿ 9981ನೇ ಪೋರ್ಟ್ ತೆರೆದು, ಡಿವಿಬಿ ಇನ್‌ಪುಟ್ಸ್ ಕೆಳಗಿನ ಸರ್ವೀಸಸ್ ಪಟ್ಟಿ ನೋಡಿ. ಪ್ರತಿ ಚಾನೆಲ್ ಎದುರು ಅದು ಯಾವ ಮಕ್ಸ್‌ನಲ್ಲಿದೆ ಎಂದು ಬರೆದಿರುತ್ತದೆ. ಮಕ್ಸ್ ಅಂದರೆ ನಮ್ಮ ಕಟ್ಟು. ಮನೆಯವರು ನಿಜವಾಗಿ ರೆಕಾರ್ಡ್ ಮಾಡುವ ಎಂಟು ಹತ್ತು ಚಾನೆಲ್‌ಗಳನ್ನು ಮಾತ್ರ ಹಾಳೆಯಲ್ಲಿ ಮಕ್ಸ್ ಪ್ರಕಾರ ಗುಂಪು ಮಾಡಿ. ಪಕ್ಕದಲ್ಲೇ ವಿ ಅಥವಾ ಎಚ್ ಎಂಬ ಅಕ್ಷರವನ್ನೂ ಬರೆದುಕೊಳ್ಳಿ, ಆಮೇಲೆ ಬೇಕಾಗುತ್ತದೆ. ನಮ್ಮ ಮನೆಯ ಹಾಳೆಯಲ್ಲಿ ಅಮ್ಮನ ಚಾನೆಲ್ಲೂ ತಮ್ಮನ ಚಾನೆಲ್ಲೂ ಅಕ್ಕಪಕ್ಕದಲ್ಲಿ, ಒಂದೇ ಗುಂಪಿನಲ್ಲಿ ಕೂತಿದ್ದವು! ಕಾರ್ಡಿನ ಜೊತೆ ಸಿ.ಡಿ.ಯಲ್ಲಿ ಬಂದಿದ್ದ ತಂತ್ರಾಂಶಕ್ಕೆ ಒಂದು ಟ್ಯೂನರ್‌ನಿಂದ ಒಂದೇ ಚಾನೆಲ್ ತೆಗೆಯಲು ಬರುತ್ತಿತ್ತು. ಬದಲಿಸಬೇಕಿದ್ದದ್ದು ತಂತ್ರಾಂಶವನ್ನು.

ಕೇಬಲ್ ಮಾಡುವ ಕಿತಾಪತಿ

ಹಾಳೆ ನೋಡಿದ ಮೇಲೂ ಎರಡು ಟ್ಯೂನರ್ ಬೇಕು ಅನ್ನಿಸಿದರೆ ತಾರಸಿ ಹತ್ತಬೇಕು. ಅಂಗಡಿಯಲ್ಲಿ ಸಿಗುವ ಅಗ್ಗದ ಸ್ಪ್ಲಿಟರ್ ಹಾಕಿ ಒಂದೇ ಕೇಬಲ್ಲನ್ನು ಎರಡು ಟ್ಯೂನರ್‌ಗೆ ಕೊಟ್ಟವರು ನಾನೊಬ್ಬನೇ ಅಲ್ಲ. ಎರಡೂ ಕೆಲಸ ಮಾಡಿದಂತೆ ಕಾಣುತ್ತವೆ. ಆಗಾಗ ಮಾತ್ರ, ಲೆಕ್ಕವಿಲ್ಲದಂತೆ, ಒಂದು ರೆಕಾರ್ಡಿಂಗ್ ನಡುವಿನಲ್ಲಿ ಸಾಯುತ್ತದೆ.

ಕಾರಣ ಇದು. ಛತ್ರಿಯ ಮೂತಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿಗೆ, ಅಂದರೆ ಎಲ್‌ಎನ್‌ಬಿಗೆ, ಟ್ಯೂನರ್ ತನಗೇನು ಬೇಕೆಂದು ಹೇಳುವುದು ಕೇಬಲ್‌ನಲ್ಲಿ ಹರಿಸುವ ವೋಲ್ಟೇಜ್‌ನಿಂದ. 13 ವೋಲ್ಟ್ ಕೊಟ್ಟರೆ ಲಂಬವಾಗಿ ಕಂಪಿಸುವ ಅಲೆ, ಅಂದರೆ ವಿ. 18 ವೋಲ್ಟ್ ಕೊಟ್ಟರೆ ಅಡ್ಡಡ್ಡ ಕಂಪಿಸುವ ಅಲೆ, ಅಂದರೆ ಎಚ್. ಮೊದಲ ಟ್ಯೂನರ್ 13 ಕೊಟ್ಟು ಚಂದನ ಹಿಡಿದಿರುವಾಗ ಎರಡನೆಯದು 18 ಕೊಟ್ಟರೆ ಎಲ್‌ಎನ್‌ಬಿ ಎಚ್ ಕಡೆ ಹೊರಳುತ್ತದೆ, ಚಂದನ ಮಂಗಮಾಯ. ನೀವು ಬರೆದುಕೊಂಡ ಅಕ್ಷರಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ನಿಮಗೆ ಬೇಕಾದ ಚಾನೆಲ್‌ಗಳೆಲ್ಲ ಒಂದೇ ಅಕ್ಷರದವಾದರೆ ಸ್ಪ್ಲಿಟರ್ ಸಾಕು. ಬೆರಕೆಯಾಗಿದ್ದರೆ ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿಸಿ, ಪ್ರತಿ ಟ್ಯೂನರ್‌ಗೂ ಅದರದ್ದೇ ಕೇಬಲ್ ಎಳೆಸಿ. ಗೋಡೆ ಕೊರೆಯಲು ಮನೆಯ ಯಜಮಾನರು ಒಪ್ಪದಿದ್ದರೆ ಯೂನಿಕೇಬಲ್ ಎಲ್‌ಎನ್‌ಬಿ ಎಂಬ ದಾರಿಯಿದೆ: ಒಂದೇ ಕೇಬಲ್‌ನಲ್ಲಿ ಪ್ರತಿ ಟ್ಯೂನರ್‌ಗೂ ಬೇರೆ ಬೇರೆ ಓಣಿ. ಆದರೆ ಕಾರ್ಡ್, ತಂತ್ರಾಂಶ ಎರಡಕ್ಕೂ ಅದರ ಭಾಷೆ ಬರಬೇಕು. ಬಾಡಿಗೆ ಮನೆಯಲ್ಲಿ ಇಲ್ಲದವರು ಇನ್ನೊಂದು ಕೇಬಲ್ ಎಳೆಯುವುದೇ ನೆಮ್ಮದಿ ಎಂದು ನನ್ನ ಅನಿಸಿಕೆ.

ಎರಡನೇ ಟ್ಯೂನರ್ ಹಾಕಿದ ಮೇಲೆ ಟಿವಿಹೆಡ್‌ಎಂಡ್‌ನಲ್ಲಿ ಅದಕ್ಕೆ ಹೊಸ ನೆಟ್‌ವರ್ಕ್ (ಮಕ್ಸ್‌ಗಳ ಗುಂಪು) ಸೃಷ್ಟಿಸಬೇಡಿ. ಮೊದಲನೆಯದಕ್ಕೆ ಇರುವ ನೆಟ್‌ವರ್ಕನ್ನೇ ಎರಡನೆಯದಕ್ಕೂ ಗುರುತು ಹಾಕಿ. ಆ ಗುರುತು ಮರೆತರೆ ಟ್ಯೂನರ್ ಕಾಣುತ್ತದೆ, ಕೆಲಸಕ್ಕೆ ಮಾತ್ರ ಬರುವುದಿಲ್ಲ.

ಯಾರಿಗೆ ಮೊದಲು?

ಟ್ಯೂನರ್ ಸಾಲದೆ ಬಂದಾಗ ಟಿವಿಹೆಡ್‌ಎಂಡ್ ಆದ್ಯತೆ ನೋಡುತ್ತದೆ. ತಾನಾಗಿ ಬಿಟ್ಟರೆ ರೆಕಾರ್ಡಿಂಗ್ ಮೇಲು, ನೇರವಾಗಿ ನೋಡುವವರು ಕೀಳು. ಕೋಡಿ (Kodi) ಎಂಬ ಟಿ.ವಿ. ನೋಡುವ ತಂತ್ರಾಂಶದಲ್ಲಿ ಕ್ರಿಕೆಟ್ ನೋಡುತ್ತಿದ್ದ ಅಪ್ಪನ ಪರದೆ ಕೊನೇ ಓವರ್‌ನಲ್ಲಿ ಕಪ್ಪಾದರೆ ಕಾರಣ ಇದೇ. ಪ್ರತಿ ರೆಕಾರ್ಡಿಂಗ್‌ಗೂ ಆದ್ಯತೆ ಬದಲಿಸಬಹುದು: ಮತ್ತೆ ಸಿಗದ ಕಾರ್ಯಕ್ರಮಕ್ಕೆ ಮೇಲಿನ ದರ್ಜೆ, ವಾರಕ್ಕೆ ಮೂರು ಸಲ ಮರುಪ್ರಸಾರವಾಗುವ ಸಿನಿಮಾಕ್ಕೆ ಕೆಳಗಿನದು. ಆದರೆ ಇದು ಮುಂಚಿತವಾಗಿ ಎಚ್ಚರಿಸುವ ತಂತ್ರಾಂಶ ಅಲ್ಲ. ಎರಡು ಡಿಕ್ಕಿಯಾಗುತ್ತವೆ ಎಂದು ಗೊತ್ತಾಗುವುದು ಡಿಕ್ಕಿಯಾದಾಗಲೇ. ಮುಂದಿನ ದಿನಗಳ ಪಟ್ಟಿಯಲ್ಲೇ ಸಂಘರ್ಷ ತೋರಿಸಿ, ಅದೇ ಕಂತು ಬೇರೆ ಹೊತ್ತಿಗೆ ಬರುವುದಿದ್ದರೆ ಅತ್ತ ಸರಿಸುವ ಜಾಣತನ ಮಿಥ್‌ಟಿವಿ ಎಂಬ ಇನ್ನೊಂದು ತಂತ್ರಾಂಶಕ್ಕಿದೆ. ಹೊಂದಿಸುವುದು ತುಸು ತಲೆನೋವು.

ಸುಳ್ಳು ಜಗಳಗಳು

ಅರ್ಧದಷ್ಟು ಜಗಳ ನಾವೇ ಹುಟ್ಟಿಸಿದ್ದು. ಕಾರ್ಯಕ್ರಮ ತಡವಾದೀತೆಂದು ಶುರುವಿಗೆ ಮುಂಚೆ 2 ನಿಮಿಷ, ಮುಗಿದ ಮೇಲೆ 10 ನಿಮಿಷ ಹೆಚ್ಚು ಸಮಯ ಇಟ್ಟಿರುತ್ತೇವೆ. 9ರಿಂದ 9.30ರವರೆಗೆ ಒಂದು, 9.30ರಿಂದ 10ರವರೆಗೆ ಬೇರೆ ಟ್ರಾನ್ಸ್‌ಪಾಂಡರ್‌ನಲ್ಲಿ ಇನ್ನೊಂದು. ನಿಜಕ್ಕೂ ಒಂದರ ಮೇಲೊಂದು ಬೀಳದ ಇವು ಈಗ 9.28ರಿಂದ 9.40ರವರೆಗೆ ಹೊಡೆದಾಡುತ್ತವೆ. ಇಂಥ ಜೋಡಿಗೆ ಮೊದಲಿನದರ ಬಾಲ, ಎರಡನೆಯದರ ತಲೆ ಸೊನ್ನೆ ಮಾಡಿ. ಎರಡೂ ಒಂದೇ ಚಾನೆಲ್ ಆದರೆ ಮುಟ್ಟಬೇಡಿ, ಆ 12 ನಿಮಿಷ ಡಿಸ್ಕ್‌ನಲ್ಲಿ ಎರಡು ಸಲ ಬರೆಯುತ್ತದೆ, ಅಷ್ಟೇ ನಷ್ಟ.

ಕಾರ್ಯಕ್ರಮ ಪಟ್ಟಿಯನ್ನು, ಅಂದರೆ ಇಪಿಜಿಯನ್ನು ಕುರುಡಾಗಿ ನಂಬಿ ನಾನು ಕೆಟ್ಟಿದ್ದೇನೆ. ಈಗ ಖಾಯಂ ಕಾರ್ಯಕ್ರಮಗಳಿಗೆಲ್ಲ ವಾರ, ಗಂಟೆ ಕೊಟ್ಟು ಟೈಮರ್ ಇಡುತ್ತೇನೆ. ಮಳೆಗಾಲದಲ್ಲಿ ಫೈಲ್ ತುಂಡಾಗಿದ್ದರೆ ಟ್ಯೂನರನ್ನು ಬೈಯುವ ಮೊದಲು ಆಕಾಶ ನೋಡಿ. ಫ್ರೀ ಡಿಶ್ ಬರುವ ಕೆಯು ಬ್ಯಾಂಡ್ ಅಲೆಗಳಿಗೆ ಜೋರು ಮಳೆ ಆಗಿಬರುವುದಿಲ್ಲ.

ಫ್ರೀ ಡಿಶ್‌ನ ಜಾಗಗಳನ್ನು ಪ್ರಸಾರ ಭಾರತಿ ಖಾಸಗಿ ಚಾನೆಲ್‌ಗಳಿಗೆ ಇ-ಹರಾಜಿನಲ್ಲಿ ಕೊಡುತ್ತದೆ. ಹೊಸ ಹಂಚಿಕೆ ಸಾಮಾನ್ಯವಾಗಿ ಏಪ್ರಿಲ್ 1ಕ್ಕೆ ಜಾರಿಗೆ ಬರುತ್ತದೆ. ಆಗ ಕೆಲವು ಚಾನೆಲ್ ಮಾಯ, ಕೆಲವು ಹೊಸವು, ಕೆಲವು ಒಂದು ಕಟ್ಟಿನಿಂದ ಇನ್ನೊಂದಕ್ಕೆ. ಆ ದಿನ ಕಳೆದ ಮೇಲೆ ಒಂದು ಭಾನುವಾರ ಮಕ್ಸ್‌ಗಳನ್ನೆಲ್ಲ ಮತ್ತೆ ಸ್ಕ್ಯಾನ್ ಮಾಡಿ, ಸತ್ತ ಸರ್ವೀಸ್ ಅಳಿಸಿ, ಹೊಸವನ್ನು ಚಾನೆಲ್‌ಗೆ ಮ್ಯಾಪ್ ಮಾಡಿ. ಹಾಳೆಯನ್ನು ಪೆನ್ಸಿಲ್‌ನಲ್ಲಿ ಬರೆಯಲು ಹೇಳಿದ್ದು ಇದಕ್ಕೇ. ನಮ್ಮ ಮನೆಯಲ್ಲಿ ಒಂದು ವರ್ಷ ತಮ್ಮನ ಸಿನಿಮಾ ಚಾನೆಲ್ ಬೇರೆ ಗುಂಪಿಗೆ ಹೋಯಿತು. ಅನಗತ್ಯವಾಗಿ ಕೊಂಡಿದ್ದ ಎರಡನೇ ಟ್ಯೂನರ್‌ಗೆ ಅವತ್ತು ಮೊದಲ ಸಲ ಕೆಲಸ ಸಿಕ್ಕಿತು.