ಇಂಗ್ಲೆಂಡಿನಲ್ಲಿ ಧಾರೆ: ನೋಟಿಸು, ಮುಹೂರ್ತ, ಹೂವು

ಹಾಲ್‌ನಲ್ಲಿ ಪುರೋಹಿತರು ಧಾರೆ ಎರೆಸಿದ ಮಾತ್ರಕ್ಕೆ ಇಲ್ಲಿನ ಕಾನೂನಿನ ಪ್ರಕಾರ ಮದುವೆ ಆಗುವುದಿಲ್ಲ. ರಿಜಿಸ್ಟ್ರಾರ್ ಮುಂದಿನ ಸಿವಿಲ್ ಮದುವೆಯಲ್ಲೋ ಮಂತ್ರ ಹೇಳುವಂತಿಲ್ಲ. ಹಾಗಾಗಿ ಎರಡನ್ನೂ ಬೇರೆ ಮಾಡಿ: ಶುಕ್ರವಾರ ಇಬ್ಬರು ಸಾಕ್ಷಿಗಳ ಜೊತೆ ರಿಜಿಸ್ಟರ್ ಆಫೀಸು, ಶನಿವಾರ ಧಾರೆ. ಆಗ ಧಾರೆಯ ಕ್ರಮ ಪೂರ್ತಿ ನಿಮ್ಮದು. ಕಾಶೀಯಾತ್ರೆ ಬಿಟ್ಟು ಅಂತರಪಟ, ಜೀರಿಗೆ-ಬೆಲ್ಲ, ಮಾಂಗಲ್ಯಧಾರಣೆ, ಸಪ್ತಪದಿ ಇಷ್ಟನ್ನೇ ಇಟ್ಟುಕೊಳ್ಳಬಹುದು. ಪುರೋಹಿತರೇ ಬೇಡವೆನ್ನುವವರಿಗೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ಇದ್ದೇ ಇದೆ.

ಮದುವೆಯಾಗುತ್ತೇವೆಂದು ರಿಜಿಸ್ಟರ್ ಆಫೀಸಿನಲ್ಲಿ ನೋಟಿಸು ಕೊಟ್ಟ ಮೇಲೆ 28 ದಿನ ಕಾಯಬೇಕು. ವೀಸಾ ಮೇಲೆ ಇರುವವರ ನೋಟಿಸು ಹೋಮ್ ಆಫೀಸಿಗೆ (ವೀಸಾ ನೋಡಿಕೊಳ್ಳುವ ಇಲಾಖೆ) ಹೋದರೆ ಅದು 70 ದಿನವಾಗಬಹುದು, ಅಷ್ಟು ದಿನ ಹಿಡಿದೇ ಲೆಕ್ಕ ಹಾಕಿ. ನೋಟಿಸಿನಲ್ಲಿ ಬರೆಸಿದ ಜಾಗ ಬದಲಾದರೆ ಮತ್ತೆ ಹೊಸ ನೋಟಿಸು. ಊರಿಂದ ಮದುವೆಯಾಗಲೆಂದೇ ಬರುವವರಿಗೆ ಸಾಮಾನ್ಯ ವಿಸಿಟರ್ ವೀಸಾ ನಡೆಯುವುದಿಲ್ಲ, ಮ್ಯಾರೇಜ್ ವಿಸಿಟರ್ ವೀಸಾ ಬೇಕು.

ಬೆಂಗಳೂರಿನ ಮುಹೂರ್ತದಲ್ಲಿ ನಾಲ್ಕೂವರೆ ಗಂಟೆ ಕಳೆದು ಕೂರಬೇಡಿ (ಅದೂ ಬೇಸಿಗೆಯ ಲೆಕ್ಕ, ಚಳಿಗಾಲದಲ್ಲಿ ಐದೂವರೆ). ಲಗ್ನವೂ ರಾಹುಕಾಲವೂ ಊರೂರಿಗೆ ಬೇರೆ, ಇಲ್ಲಿಯದನ್ನೇ ಲೆಕ್ಕ ಹಾಕಿಸಿ.

ತಿಂಗಳು ಆರಿಸುವಾಗಲೇ ಹೂವಿನ ಮಾತೂ ಆಗಲಿ. ವೈಶಾಖಕ್ಕೆ ಟ್ಯುಲಿಪ್ ಸಿಗುತ್ತದೆ, ಮೇ ಕೊನೆಯಿಂದ ಪಿಯೊನಿ. ಇಲ್ಲಿನ ಗುಲಾಬಿ, ಸ್ವೀಟ್ ಪೀ ಮೈದುಂಬುವ ಹೊತ್ತಿಗೆ ನಮಗೆ ಆಷಾಢ ಬಂದುಬಿಡುತ್ತದೆ! ಶ್ರಾವಣ ಹಿಡಿದರೆ ಡೇಲಿಯಾ, ಚೆಂಡುಹೂವು, ಕಾರ್ತಿಕಕ್ಕೆ ಸೇವಂತಿಗೆ. ಫೆಬ್ರವರಿ 14ರ ಆಸುಪಾಸಿನಲ್ಲಿ ಗುಲಾಬಿಯ ಬೆಲೆ ಕೇಳಲೇಬೇಡಿ, ಮಾರ್ಚ್ ಹೊತ್ತಿನ ಮದರಿಂಗ್ ಸಂಡೆಯ (ಇಲ್ಲಿನ ಅಮ್ಮಂದಿರ ದಿನ) ವಾರವೂ ಅಷ್ಟೇ.

ಮಲ್ಲಿಗೆಯ ಆಸೆ ಎಲ್ಲರಿಗೂ. ಊರಿಂದ ಸೂಟ್‌ಕೇಸಿನಲ್ಲಿ ತರಿಸಬೇಡಿ, ಫೈಟೋಸ್ಯಾನಿಟರಿ ಸರ್ಟಿಫಿಕೇಟ್ (ರೋಗ, ಕೀಟ ಇಲ್ಲವೆಂಬ ಪ್ರಮಾಣಪತ್ರ) ಇಲ್ಲದಿದ್ದರೆ ಕಸ್ಟಮ್ಸ್‌ನವರು ಕಿತ್ತುಕೊಳ್ಳಬಹುದು. ಮುಡಿಗೆ ಸ್ಟೆಫನೋಟಿಸ್ ಸಾಕು: ಬಿಳಿ, ದಪ್ಪ ಎಸಳು, ಬೇಗ ಬಾಡುವುದಿಲ್ಲ. ಹಾರಕ್ಕೆ ಹಾಲೆಂಡಿನಿಂದ ಬರುವ ಸುಗಂಧರಾಜವನ್ನು ಮೊದಲೇ ಹೇಳಿ ತರಿಸಿ.

ಒಂದೂವರೆ ಮೀಟರ್ ಸುತ್ತಳತೆಯ ಚೆಂಡುಹೂವಿನ ಹಾರಕ್ಕೆ ಸುಮಾರು 60 ಹೂವು. ಗಂಡಿಗೂ ಹೆಣ್ಣಿಗೂ ಸೇರಿ, ಮುರಿಯುವುದನ್ನೂ ಹಿಡಿದು 150 ತನ್ನಿ. ಚೆಂಡುಹೂವು ಇಲ್ಲಿನ ಹೂವಂಗಡಿಗಳಲ್ಲಿ ಅಪರೂಪ. ಹಿತ್ತಿಲಿದ್ದವರು ಏಪ್ರಿಲ್‌ನಲ್ಲಿ ಕಿಟಕಿ ಪಕ್ಕ ಬಿತ್ತಿ, ಹಿಮ ಬೀಳುವ ಭಯ ಹೋದ ಮೇಲೆ, ಅಂದರೆ ಮೇ ಕೊನೆಗೆ, ಹೊರಗೆ ನೆಟ್ಟರೆ ಶ್ರಾವಣಕ್ಕೆ ಕೈಗೆ ಬರುತ್ತದೆ. ಬಿಡಿಸಿದ್ದರಲ್ಲಿ ನೀರಿನ ಪಸೆ ಇದ್ದರೆ ಆರಲು ಬಿಡಿ. ಒದ್ದೆ ಹೂವು ಪೋಣಿಸಿಟ್ಟರೆ ಬೆಳಗಾಗುವಷ್ಟರಲ್ಲಿ ನಡುವೆ ಕಪ್ಪಾಗಿ ನಾರುತ್ತದೆ. ದಪ್ಪ ಸೂಜಿ, ಜೋಡಿ ದಾರ, ತೊಟ್ಟಿನ ಬುಡದಿಂದ ಹೂವಿನ ನಡುವಿಗೆ. ಹಿಂದಿನ ಸಂಜೆ ಪೋಣಿಸಿ ರಟ್ಟಿನ ಪೆಟ್ಟಿಗೆಯಲ್ಲಿ ಫ್ರಿಜ್ಜಿನಲ್ಲಿಡಿ, ಹಿಂಗೋಡೆಗೆ ತಾಗದಂತೆ. ಸೇಬು, ಬಾಳೆಹಣ್ಣು ಅದೇ ಫ್ರಿಜ್ಜಿನಲ್ಲಿ ಬೇಡ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್ನಂತೂ ಮುದುಡಿಹೋಗುತ್ತದೆ.

ಲಂಡನ್ನಿನವರಿಗೆ ನೈನ್ ಎಲ್ಮ್ಸ್‌ನ ನ್ಯೂ ಕೋವೆಂಟ್ ಗಾರ್ಡನ್ ಹೂಮಾರುಕಟ್ಟೆ ಇದೆ. ಬೆಳಗಿನ ಜಾವವೇ ಹೋಗಿ, ಭಾನುವಾರ ರಜೆ. ಹೇಳುವ ಬೆಲೆಗೆ 20% ವ್ಯಾಟ್ ಬೇರೆ ಸೇರುತ್ತದೆ. ಪಿಯೊನಿಯನ್ನು ಮೊಗ್ಗು ಒತ್ತಿದರೆ ಮೆತ್ತಗಿರುವಾಗ, ಎರಡು ಮೂರು ದಿನ ಮುಂಚೆ ಕೊಳ್ಳಿ. ಡೇಲಿಯಾ ಹಾಗಲ್ಲ, ಕಿತ್ತ ಮೇಲೆ ಮೊಗ್ಗು ಅರಳುವುದಿಲ್ಲ. ಅರಳಿದ್ದನ್ನೇ ಹಿಂದಿನ ದಿನ ತನ್ನಿ. ಡ್ಯಾಫಡಿಲ್‌ನ ಲೋಳೆಗೆ ಬೇರೆ ಹೂವು ಸೊರಗುತ್ತವೆ, ಒಂದು ರಾತ್ರಿ ಬೇರೆ ಬಕೆಟ್ಟಿನಲ್ಲಿಡಿ. ಲಿಲ್ಲಿಯ ಕೇಸರಗಳನ್ನು ಚಿವುಟಿ ತೆಗೆಯಿರಿ. ಪರಾಗ ರೇಷ್ಮೆ ಸೀರೆಗೆ ತಗುಲಿದರೆ ಉಜ್ಜಬೇಡಿ, ನೀರೂ ಹಾಕಬೇಡಿ. ಸೆಲ್ಲೋಟೇಪ್ ಒತ್ತಿ ಎತ್ತಿ.

ಹೋಮಕ್ಕೆ ಹಾಲ್‌ನವರ ಒಪ್ಪಿಗೆ ಬರಹದಲ್ಲೇ ಇರಲಿ. ಹೊಗೆಗೆ ಅಲಾರಂ ಕೂಗಿದರೆ ಲಾಜಹೋಮದ ನಡುವೆಯೇ ಎಲ್ಲರೂ ಹೊರಗೆ ನಿಲ್ಲಬೇಕಾಗುತ್ತದೆ. ಆ ಭಾಗದ ಸೆನ್ಸರನ್ನು ಯಾರು, ಎಷ್ಟು ಹೊತ್ತು ಆರಿಸಿಡುತ್ತಾರೆಂದು ಮುಂಗಡ ಕೊಡುವ ಮೊದಲೇ ಕೇಳಿ. ಅಕ್ಷತೆ ಚೆಲ್ಲಿದ್ದಕ್ಕೆ ಸ್ವಚ್ಛತೆಯ ದುಡ್ಡು ಬೇರೆ ಇದೆಯೇ ಎಂದೂ ಕೇಳಿಕೊಳ್ಳಿ.